ಪ್ರೊಟೆಕ್ಟೆಡ್ ಎಂಬ ಹಿತ್ತಿಲ ಬಾಗಿಲು

ಆಬ್ಜೆಕ್ಟ್ ಓರಿಯೆಂಟೆಡ್ ಭಾಷೆಗಳಲ್ಲಿ ಒಂದು ಕ್ಲಾಸಿನ ಮೆಥಡ್‌ಗಳನ್ನು ಯಾರು ಕರೆಯಬಹುದು ಎಂಬುದನ್ನು ಮುಖ್ಯವಾಗಿ ಮೂರು ಪದಗಳು ನಿರ್ಧರಿಸುತ್ತವೆ. ಪಬ್ಲಿಕ್ ಎಂದರೆ ಎಲ್ಲರೂ, ಪ್ರೈವೇಟ್ ಎಂದರೆ ಆ ಕ್ಲಾಸ್ ಮಾತ್ರ, ಪ್ರೊಟೆಕ್ಟೆಡ್ ಎಂದರೆ ಆ ಕ್ಲಾಸ್ ಮತ್ತು ಅದರಿಂದ ಹುಟ್ಟಿದ ಸಬ್‌ಕ್ಲಾಸ್‌ಗಳು. ಮೂರರಲ್ಲಿ ಕೊನೆಯದಕ್ಕೆ ಸಿಕ್ಕಿರುವ ಮರ್ಯಾದೆಯೇ ಬೇರೆ. ಪಬ್ಲಿಕ್ ಉಡಾಫೆ, ಪ್ರೈವೇಟ್ ಜಿಪುಣತನ, ಪ್ರೊಟೆಕ್ಟೆಡ್ ಹದವಾದ ನಡುದಾರಿ ಎಂಬ ಪಾಠ ಎಂಜಿನಿಯರಿಂಗ್ ಕಾಲೇಜಿನ ಮೊದಲ ಜಾವಾ ತರಗತಿಯಲ್ಲೇ ಶುರುವಾಗುತ್ತದೆ. ಸರಿ–ತಪ್ಪು ಗುರುತು ಹಾಕಿದ ಒಂದು ಕೋಷ್ಟಕ; ಅದನ್ನು ಪರೀಕ್ಷೆಯಲ್ಲಿ ಬರೆದರೆ ಅಂಕ, ಸಂದರ್ಶನದಲ್ಲಿ ಒಪ್ಪಿಸಿದರೆ ಕೆಲಸ. ಆ ಕೋಷ್ಟಕದಲ್ಲಿ ಒಂದು ಪ್ರಶ್ನೆಗೆ ಮಾತ್ರ ಜಾಗವಿಲ್ಲ: ಪ್ರೊಟೆಕ್ಟೆಡ್ ಯಾರನ್ನು ಯಾರಿಂದ ರಕ್ಷಿಸುತ್ತದೆ?

ಪೂರ್ವಪಕ್ಷ ಹೀಗಿದೆ. ಸಂಬಂಧಪಟ್ಟ ಕ್ಲಾಸ್‌ಗಳು ಒಂದು ಕುಟುಂಬ. ಕುಟುಂಬದೊಳಗೆ ಮುಚ್ಚುಮರೆ ಏಕೆ? ಹೊರಗಿನವರಿಗೆ ಬಾಗಿಲು ಮುಚ್ಚಿದ್ದರೆ ಸಾಕು. ಇಂದು ಪ್ರೈವೇಟ್ ಮಾಡಿದ ಮೆಥಡ್ ನಾಳೆ ಯಾವುದಾದರೂ ಸಬ್‌ಕ್ಲಾಸ್‌ಗೆ ಬೇಕಾದೀತು, ಆದ್ದರಿಂದ ಈಗಲೇ ಪ್ರೊಟೆಕ್ಟೆಡ್ ಮಾಡಿಡುವುದು ಜಾಣತನ. ಕೇಳಲು ಇಂಪಾಗಿರುವ ಈ ವಾದ ಮೂರು ಕಾಲಿನ ಮೇಲೆ ನಿಂತಿದೆ, ಮೂರೂ ಮುರುಕು. ಬಾಗಿಲು ಮುಚ್ಚಿಲ್ಲ. ಒಳಗೆ ಬರುವವರು ಕುಟುಂಬದವರಲ್ಲ. ಇಂದು ತೆರೆದಿಟ್ಟದ್ದನ್ನು ನಾಳೆ ಮುಚ್ಚಲು ಆಗುವುದಿಲ್ಲ.

ಮೊದಲು ಬಾಗಿಲು. ಬೇಸ್ ಕ್ಲಾಸಿನ ಪ್ರೊಟೆಕ್ಟೆಡ್ ಮೆಥಡನ್ನು ಓವರ್‌ರೈಡ್ ಮಾಡುವ ಸಬ್‌ಕ್ಲಾಸ್ ಅದನ್ನು ಪಬ್ಲಿಕ್ ಎಂದು ಘೋಷಿಸಿದರೆ ಜಾವಾ ಕಂಪೈಲರ್ ತಕರಾರು ಎತ್ತುವುದಿಲ್ಲ. ಪ್ರವೇಶವನ್ನು ಕಿರಿದು ಮಾಡಬಾರದು, ಹಿಗ್ಗಿಸಬಹುದು ಎಂಬುದೇ ಭಾಷೆಯ ನಿಯಮ. ಒಳಗೆ ಬರೆಯಬೇಕಾದದ್ದು ಸೂಪರ್ ಮೂಲಕ ಹಳೆಯ ಮೆಥಡನ್ನು ಕರೆಯುವ ಒಂದೇ ಸಾಲು. ಮೆಥಡ್ ಫೈನಲ್ ಆಗಿದ್ದರೂ ಚಿಂತೆಯಿಲ್ಲ. ಬೇರೆ ಹೆಸರಿನ ಪಬ್ಲಿಕ್ ಮೆಥಡ್ ಬರೆದು ಅದರೊಳಗಿಂದ ಕರೆದರಾಯಿತು. ಸಿ ಪ್ಲಸ್ ಪ್ಲಸ್‌ನಲ್ಲಿ ಅಷ್ಟು ಶ್ರಮವೂ ಬೇಡ. ಸಬ್‌ಕ್ಲಾಸಿನ ಪಬ್ಲಿಕ್ ಭಾಗದಲ್ಲಿ ಯೂಸಿಂಗ್ ಎಂದು ಬರೆದು ಬೇಸ್ ಕ್ಲಾಸಿನ ಸದಸ್ಯದ ಹೆಸರು ಹೇಳಿದರೆ ಅದು ಊರವರ ಸ್ವತ್ತಾಗುತ್ತದೆ. ಆ ಸಬ್‌ಕ್ಲಾಸಿನ ಮೂಲಕ ಪಡೆದ ಮೆಂಬರ್ ಪಾಯಿಂಟರ್ ಬೇಸ್ ಕ್ಲಾಸಿನ ಯಾವುದೇ ಆಬ್ಜೆಕ್ಟಿನ ಮೇಲೂ ಕೆಲಸ ಮಾಡುತ್ತದೆ. ಪ್ರೈವೇಟ್ ಸದಸ್ಯದ ಮೇಲೆ ಈ ಆಟ ನಡೆಯದು. ಪ್ರೊಟೆಕ್ಟೆಡ್ ಮೇಲೆ ನಿಯಮಬದ್ಧವಾಗಿಯೇ ನಡೆಯುತ್ತದೆ.

ಇನ್‌ಹೆರಿಟ್ ಮಾಡುವ ಹಕ್ಕು ಯಾರಿಗಿದೆ? ಕ್ಲಾಸ್ ಫೈನಲ್ ಅಲ್ಲದಿದ್ದರೆ, ಸಾಮಾನ್ಯವಾಗಿ ಅದರ ಹೆಸರು ಕಾಣುವ ಎಲ್ಲರಿಗೂ ಇದೆ. ಅಂದಮೇಲೆ ಎರಡು ಸಾಲು ಟೈಪ್ ಮಾಡಬಲ್ಲ ಯಾರಿಗಾದರೂ ಪ್ರೊಟೆಕ್ಟೆಡ್ ತೆರೆದೇ ಇದೆ. ಎರಡು ಸಾಲು ಟೈಪ್ ಮಾಡುವ ಸೋಮಾರಿತನವನ್ನೇ ಕಾವಲು ಎಂದು ಕರೆಯುವುದಾದರೆ ಆ ಕಾವಲಿಗೆ ಸಂಬಳ ಏಕೆ? ಹೆಸರು ಕ್ಷೀರಸಾಗರ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ ಎಂಬ ಗಾದೆಗೆ ಪ್ರೋಗ್ರಾಮಿಂಗ್ ಲೋಕದಲ್ಲಿ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಜಾವಾ ಈ ಬಾಗಿಲಿಗೆ ಇನ್ನೊಂದು ಕಿಂಡಿಯನ್ನೂ ಕೊರೆದಿದೆ. ಅಲ್ಲಿ ಪ್ರೊಟೆಕ್ಟೆಡ್ ಸದಸ್ಯ ಸಬ್‌ಕ್ಲಾಸ್‌ಗಳಿಗೆ ಮಾತ್ರವಲ್ಲದೆ ಅದೇ ಪ್ಯಾಕೇಜಿನ ಪ್ರತಿಯೊಂದು ಕ್ಲಾಸಿಗೂ ಕಾಣುತ್ತದೆ. ಯಾವ ಪದವನ್ನೂ ಬರೆಯದೆ ಬಿಟ್ಟಾಗ ಸಿಗುವ ಪ್ಯಾಕೇಜ್ ಪ್ರವೇಶಕ್ಕಿಂತ ಪ್ರೊಟೆಕ್ಟೆಡ್ ಹೆಚ್ಚು ಸಡಿಲ. ಖಾಲಿ ಬಿಟ್ಟರೆ ಅಪಾಯ, ಪ್ರೊಟೆಕ್ಟೆಡ್ ಬರೆದರೆ ಭದ್ರ ಎಂದುಕೊಂಡ ಹೊಸಬ ರಕ್ಷಣೆಯ ಹೆಸರಿನಲ್ಲಿ ಇದ್ದ ರಕ್ಷಣೆಯನ್ನೂ ಕಳಚುತ್ತಾನೆ. ಪ್ಯಾಕೇಜ್ ಕೂಡ ಕೋಟೆಯೇನಲ್ಲ. ಸೀಲ್ ಮಾಡದ ಜಾರ್ ಫೈಲ್ ಕ್ಲಾಸ್‌ಪಾತ್‌ನಲ್ಲಿದ್ದರೆ, ಅದೇ ಪ್ಯಾಕೇಜಿನ ಹೆಸರಿಟ್ಟು ಹೊಸ ಕ್ಲಾಸ್ ಬರೆದವನು ನೇರ ಒಳಗೆ ಬರುತ್ತಾನೆ. ಇದಕ್ಕೆ ಗಟ್ಟಿ ತಡೆ ಎನ್ನಬಹುದಾದ ಮಾಡ್ಯೂಲ್ ವ್ಯವಸ್ಥೆ ಬಂದದ್ದು 2017ರ ಜಾವಾ 9ರಲ್ಲಿ, ಭಾಷೆ ಹೊರಬಂದು ಎರಡು ದಶಕ ಕಳೆದ ಮೇಲೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ.

ಬೇಡದವರಿಗೆ ಇಷ್ಟು ಉದಾರವಾದ ಪದ ಬೇಕಾದವರಿಗೆ ಮಾತ್ರ ಬಿಗಿ. ಜಾವಾದ ಎಲ್ಲ ಕ್ಲಾಸ್‌ಗಳ ಮೂಲಪುರುಷನಾದ ಆಬ್ಜೆಕ್ಟ್ ಕ್ಲಾಸಿನಲ್ಲಿ ಕ್ಲೋನ್ ಎಂಬ ಮೆಥಡ್ ಇದೆ, ಅದು ಪ್ರೊಟೆಕ್ಟೆಡ್. ಪ್ರತಿಯೊಂದು ಕ್ಲಾಸೂ ಆಬ್ಜೆಕ್ಟ್‌ನ ಸಂತತಿಯಾದ್ದರಿಂದ ಎಲ್ಲೆಡೆ ಕ್ಲೋನ್ ಕರೆಯಬಹುದು ಎಂದು ವಿದ್ಯಾರ್ಥಿ ತಿಳಿಯುತ್ತಾನೆ. ಕರೆದರೆ ಕಂಪೈಲರ್ ತಡೆಯುತ್ತದೆ. ಕಾರಣ, ಬೇರೆ ಪ್ಯಾಕೇಜಿನ ಸಬ್‌ಕ್ಲಾಸ್ ತನ್ನ ಅಥವಾ ತನ್ನ ಸಂತತಿಯ ಆಬ್ಜೆಕ್ಟ್ ಮೂಲಕ ಮಾತ್ರ ಪ್ರೊಟೆಕ್ಟೆಡ್ ಸದಸ್ಯವನ್ನು ಮುಟ್ಟಬಹುದು ಎಂಬ ಉಪನಿಯಮ. ಈ ಉಪನಿಯಮ ಆ ಕೋಷ್ಟಕದಲ್ಲಿ ಇಲ್ಲ. ಕ್ಲೋನೆಬಲ್ ಎಂಬ ಇಂಟರ್‌ಫೇಸ್ ನೆರವಾದೀತೇ ಎಂದು ನೋಡಿದರೆ ಅದರಲ್ಲಿ ಕ್ಲೋನ್ ಮೆಥಡ್ಡೇ ಇಲ್ಲ, ಇಂಟರ್‌ಫೇಸ್ ಖಾಲಿ. ನಕಲು ಮಾಡಬಹುದು ಎಂದು ಹಣೆಪಟ್ಟಿ ಹಚ್ಚಿಕೊಂಡ ಆಬ್ಜೆಕ್ಟಿಗೆ ನಕಲು ಕೊಡು ಎಂದು ಕೇಳಲು ದಾರಿಯಿಲ್ಲ. ಪ್ರೋಗ್ರಾಮರ್‌ಗಳ ಎಷ್ಟು ತಲೆಮಾರುಗಳು ಈ ಗೋಡೆಗೆ ಹಣೆ ಚಚ್ಚಿಕೊಳ್ಳಬೇಕು?

ಪದ ಒಂದೇ, ಅರ್ಥ ಭಾಷೆಗೊಂದು. ಸಿ ಪ್ಲಸ್ ಪ್ಲಸ್‌ನಲ್ಲಿ ಪ್ರೊಟೆಕ್ಟೆಡ್ ಎಂದರೆ ಸಬ್‌ಕ್ಲಾಸ್ ಮತ್ತು ಫ್ರೆಂಡ್ ಎಂದು ಕ್ಲಾಸೇ ಹೆಸರಿಸಿದವರು. ಜಾವಾದಲ್ಲಿ ಸಬ್‌ಕ್ಲಾಸ್ ಮತ್ತು ಇಡೀ ಪ್ಯಾಕೇಜ್. ಸಿ ಶಾರ್ಪ್‌ನಲ್ಲಿ ಬರೀ ಪ್ರೊಟೆಕ್ಟೆಡ್ ಸಾಲದೆ ಪ್ರೊಟೆಕ್ಟೆಡ್ ಇಂಟರ್ನಲ್ ಎಂಬ ಜೋಡಿ ಬಂತು. ಅದರರ್ಥ ಸಬ್‌ಕ್ಲಾಸ್ ಆಗಿದ್ದರೂ ಸರಿ, ಅದೇ ಅಸೆಂಬ್ಲಿಯಲ್ಲಿದ್ದರೂ ಸರಿ. ಎರಡೂ ಆಗಿರಲೇಬೇಕು ಎನ್ನಲು 2017ರ 7.2ನೇ ಆವೃತ್ತಿಯಲ್ಲಿ ಪ್ರೈವೇಟ್ ಪ್ರೊಟೆಕ್ಟೆಡ್ ಎಂಬ ಇನ್ನೊಂದು ಜೋಡಿಯನ್ನು ಸೇರಿಸಬೇಕಾಯಿತು. ರೂಬಿಯಲ್ಲಂತೂ ಎಲ್ಲ ತಲೆಕೆಳಗು: ಅಲ್ಲಿ ಪ್ರೈವೇಟ್ ಮೆಥಡನ್ನೂ ಸಬ್‌ಕ್ಲಾಸ್ ಕರೆಯಬಹುದು, ಪ್ರೊಟೆಕ್ಟೆಡ್ ಎಂಬುದು ಅದೇ ಬಗೆಯ ಇನ್ನೊಂದು ಆಬ್ಜೆಕ್ಟಿನ ಮೆಥಡನ್ನು ಕರೆಯಲು ಕೊಟ್ಟ ಪರವಾನಗಿ. ಒಂದು ಪದದ ಅರ್ಥವನ್ನು ಹೇಳಲು ಪ್ರತಿ ಭಾಷೆಗೂ ಒಂದೊಂದು ಅಡಿಟಿಪ್ಪಣಿ ಬೇಕಾದರೆ, ಆ ಪದದ ಹಿಂದೆ ಸ್ಪಷ್ಟವಾದ ಕಲ್ಪನೆ ಇತ್ತೆಂದು ನಂಬುವುದು ಹೇಗೆ?

ಎರಡನೆಯ ಕಾಲು, ಕುಟುಂಬ. ಸಬ್‌ಕ್ಲಾಸ್ ಮಗುವಿನಂತೆ, ಬೇಸ್ ಕ್ಲಾಸ್ ತಾಯಿಯಂತೆ ಎಂಬ ಹೋಲಿಕೆ ಪಾಠ ಮಾಡುವವರಿಗೆ ಅನುಕೂಲ. ಆದರೆ ಯಾವ ತಾಯಿಗೂ ಮಕ್ಕಳ ಗುರುತು ಇರುತ್ತದೆ. ಬೇಸ್ ಕ್ಲಾಸಿಗೆ ಇರುವುದಿಲ್ಲ. ಲೈಬ್ರರಿಯೊಂದರ ಕ್ಲಾಸನ್ನು ಇನ್‌ಹೆರಿಟ್ ಮಾಡುವವರು ಯಾವ ದೇಶದ ಯಾವ ಕಚೇರಿಯಲ್ಲಿದ್ದಾರೆ, ಎಷ್ಟು ಜನ, ಒಳಗಿನ ಯಾವ ಭಾಗವನ್ನು ಹಿಡಿದುಕೊಂಡು ಜೋತಾಡುತ್ತಿದ್ದಾರೆ ಎಂಬುದು ಅದನ್ನು ಬರೆದವರಿಗೆ ಎಂದೂ ತಿಳಿಯದು. ಮುಖ ಗೊತ್ತಿಲ್ಲದ, ಲೆಕ್ಕ ಸಿಗದ, ಇನ್ನೂ ಹುಟ್ಟದ ಈ ಜನರನ್ನು ಕುಟುಂಬ ಎನ್ನುವುದಾದರೆ ಹೊರಗಿನವರು ಎಂದು ಕರೆಯಲು ಯಾರು ಉಳಿದರು?

ಇದು ಹೊಸ ಎಚ್ಚರಿಕೆಯೂ ಅಲ್ಲ. ಮಾಡ್ಯೂಲ್ ಎಂದರೆ ಮುಂದೆ ಬದಲಾಗಬಹುದಾದ ಒಂದು ತೀರ್ಮಾನವನ್ನು ಉಳಿದವರಿಂದ ಬಚ್ಚಿಡುವ ಸಾಧನ ಎಂದು ಡೇವಿಡ್ ಪಾರ್ನಸ್ 1972ರಲ್ಲೇ ವಾದಿಸಿದ್ದರು. ಆ ವಾದವನ್ನು ಇನ್‌ಹೆರಿಟೆನ್ಸ್‌ಗೆ ಅನ್ವಯಿಸಿದವರು ಅಲನ್ ಸ್ನೈಡರ್. ಕ್ಲಾಸಿಗೆ ಇಬ್ಬರು ಗಿರಾಕಿಗಳು, ಆಬ್ಜೆಕ್ಟನ್ನು ಬಳಸುವವನೊಬ್ಬ, ಇನ್‌ಹೆರಿಟ್ ಮಾಡುವವನೊಬ್ಬ; ಎರಡನೆಯವನಿಗೆ ಒಳಗಿನ ವೇರಿಯಬಲ್‌ಗಳನ್ನು ಬಿಟ್ಟುಕೊಟ್ಟರೆ ಎನ್‌ಕ್ಯಾಪ್ಸುಲೇಷನ್ ಮುರಿಯುತ್ತದೆ, ಒಳರಚನೆಯನ್ನು ಬದಲಿಸುವ ಸ್ವಾತಂತ್ರ್ಯ ಬರೆದವನ ಕೈತಪ್ಪುತ್ತದೆ ಎಂದು ಅವರು 1986ರ ಊಪ್‌ಸ್ಲಾ ಸಮ್ಮೇಳನದ ಪ್ರಬಂಧದಲ್ಲಿ ತೋರಿಸಿದರು. ಡಿಸೈನ್ ಪ್ಯಾಟರ್ನ್‌ಗಳ ಕುರಿತ 1994ರ ಹೆಸರಾಂತ ಪುಸ್ತಕವೂ ಸ್ನೈಡರ್ ಅವರ ಮಾತನ್ನು ಎತ್ತಿ ಹಿಡಿಯಿತು. ಪುಸ್ತಕವನ್ನು ಪೂಜಿಸಿದವರು ಆ ಪುಟವನ್ನು ದಾಟಿ ಹೋದರು.

ಕುಟುಂಬದ ಹೋಲಿಕೆ ಇನ್ನೊಂದು ಅನ್ಯಾಯವನ್ನೂ ಮುಚ್ಚಿಡುತ್ತದೆ. ಕ್ಲಾಸ್‌ಗಳ ನಡುವಿನ ನಿಜವಾದ ನಂಟು ಎಷ್ಟೋ ಸಲ ವಂಶದಲ್ಲಿ ಇರುವುದೇ ಇಲ್ಲ. ಒಂದು ಲಿಸ್ಟ್ ಮತ್ತು ಅದನ್ನು ಸುತ್ತಿ ಬರುವ ಇಟರೇಟರ್ ಒಂದೇ ಮನೆಯವು: ಒಬ್ಬರೇ ಬರೆದದ್ದು, ಒಂದೇ ದಿನ ಬದಲಾಗುವಂಥದ್ದು. ಆದರೂ ಅವುಗಳ ನಡುವೆ ಇನ್‌ಹೆರಿಟೆನ್ಸ್ ಇಲ್ಲ. ಎಲ್ಲೋ ದೂರದಲ್ಲಿ ಮೂರು ವರ್ಷದ ನಂತರ ಬರೆಯಲ್ಪಡುವ ಸಬ್‌ಕ್ಲಾಸಿಗೆ ಪ್ರೊಟೆಕ್ಟೆಡ್ ಹಿತ್ತಿಲ ಬಾಗಿಲು ತೆರೆಯುತ್ತದೆ. ದಿನವೂ ಜತೆಗೆ ದುಡಿಯುವ ಇಟರೇಟರ್‌ಗೆ, ವಂಶವೊಂದನ್ನೇ ನೋಡುವ ಭಾಷೆಗಳಲ್ಲಿ, ಹೊರಗೇ ನಿಲ್ಲು ಎನ್ನುತ್ತದೆ. ಇದರ ಫಲ ಎಲ್ಲ ಕೋಡ್‌ಬೇಸ್‌ಗಳಲ್ಲೂ ಕಾಣಸಿಗುತ್ತದೆ: ಒಳಗಿನ ಒಂದು ಮೆಥಡ್ ಕರೆಯುವ ಸಲುವಾಗಿಯೇ ಸಂಬಂಧವಿಲ್ಲದ ಕ್ಲಾಸ್ ಬಂದು ಇನ್‌ಹೆರಿಟ್ ಮಾಡುತ್ತದೆ. ಆಸ್ತಿಯ ಆಸೆಗೆ ದತ್ತು ಹೋಗುವ ಈ ಪದ್ಧತಿಯನ್ನು ಮರುಬಳಕೆ ಎಂಬ ಗೌರವದ ಹೆಸರಿನಿಂದ ಕರೆಯಲಾಗುತ್ತದೆ.

ಮೂರನೆಯ ಕಾಲು, ನಾಳೆಯ ಚಿಂತೆ. ಈ ಪದ ಸಿ ಪ್ಲಸ್ ಪ್ಲಸ್‌ಗೆ ಬಂದ ಕಥೆಯನ್ನು ಭಾಷೆಯ ಜನಕ ಬ್ಯಾರ್ನೆ ಸ್ಟ್ರೌಸ್ಟ್ರಪ್ ತಮ್ಮ 1994ರ ಪುಸ್ತಕದಲ್ಲಿ ದಾಖಲಿಸಿದ್ದಾರೆ. ಭಾಷೆಯಲ್ಲಿ ಮೊದಲು ಇದ್ದದ್ದು ಪಬ್ಲಿಕ್ ಮತ್ತು ಪ್ರೈವೇಟ್ ಮಾತ್ರ. ಇಂಟರ್‌ವ್ಯೂಸ್ ಎಂಬ ಗ್ರಾಫಿಕ್ಸ್ ಲೈಬ್ರರಿ ಕಟ್ಟುತ್ತಿದ್ದ ಮಾರ್ಕ್ ಲಿಂಟನ್ ಮೂರನೆಯ ಹಂತವೊಂದು ಬೇಕೇ ಬೇಕು ಎಂದು ಒತ್ತಾಯಿಸಿದರು, 1987ರ 1.2ನೇ ಬಿಡುಗಡೆಯಲ್ಲಿ ಪ್ರೊಟೆಕ್ಟೆಡ್ ಸೇರಿತು. ಸುಮಾರು ಐದು ವರ್ಷಗಳ ನಂತರ ಅದೇ ಲಿಂಟನ್ ಅದೇ ಲೈಬ್ರರಿಯಲ್ಲಿ ಪ್ರೊಟೆಕ್ಟೆಡ್ ಡೇಟಾವನ್ನು ನಿಷೇಧಿಸಿದರು, ಅದು ದೋಷಗಳ ತವರಾಗಿತ್ತು ಎಂಬ ಕಾರಣಕ್ಕೆ. ಸ್ಟ್ರೌಸ್ಟ್ರಪ್ ಮತ್ತು ಹರ್ಬ್ ಸಟರ್ ಸಂಪಾದಿಸುತ್ತಿರುವ ಸಿ ಪ್ಲಸ್ ಪ್ಲಸ್ ಕೋರ್ ಗೈಡ್‌ಲೈನ್ಸ್ ಇಂದು ಪ್ರೊಟೆಕ್ಟೆಡ್ ಡೇಟಾ ಬೇಡ ಎಂದು ನೇರವಾಗಿ ಹೇಳುತ್ತದೆ. ಕೇಳಿ ಪಡೆದವರು ಕೈಬಿಟ್ಟರು, ಕೊಟ್ಟವರು ಬೇಡವೆಂದರು. ತರಗತಿಗಳಲ್ಲಿ ಮಾತ್ರ ಅದೇ ಹಳೆಯ ಪಾಠ.

ದೋಷಗಳು ಹುಟ್ಟುವ ಬಗೆ ಸರಳ. ಪಠ್ಯಪುಸ್ತಕಗಳಿಗೆ ಪ್ರಿಯವಾದ ಬ್ಯಾಂಕ್ ಖಾತೆಯ ಉದಾಹರಣೆಯನ್ನೇ ತೆಗೆದುಕೊಳ್ಳಬಹುದು. ಖಾತೆ ಎಂಬ ಬೇಸ್ ಕ್ಲಾಸಿನಲ್ಲಿ ಶಿಲ್ಕು ಒಂದು ಫೀಲ್ಡ್. ಅದು ಬದಲಾದಾಗಲೆಲ್ಲ ಲೆಡ್ಜರ್‌ನಲ್ಲಿ ಒಂದು ನಮೂದು ಬೀಳಬೇಕು ಎಂಬುದು ಕ್ಲಾಸಿನ ನಿಯಮ. ಶಿಲ್ಕನ್ನು ಪ್ರೊಟೆಕ್ಟೆಡ್ ಮಾಡಿದ ಕೂಡಲೇ ಉಳಿತಾಯ ಖಾತೆ ಎಂಬ ಸಬ್‌ಕ್ಲಾಸ್ ಬಡ್ಡಿಯನ್ನು ನೇರವಾಗಿ ಶಿಲ್ಕಿಗೆ ಕೂಡಿಸುತ್ತದೆ. ಲೆಡ್ಜರ್‌ಗೆ ಸುದ್ದಿಯೇ ಇಲ್ಲ. ತಿಂಗಳ ಕೊನೆಗೆ ಲೆಕ್ಕ ತಾಳೆಯಾಗುವುದಿಲ್ಲ; ಹುಡುಕಹೊರಟವನು ಖಾತೆ ಕ್ಲಾಸನ್ನು ನೂರು ಸಲ ಓದಿದರೂ ತಪ್ಪು ಸಿಗುವುದಿಲ್ಲ, ಏಕೆಂದರೆ ತಪ್ಪು ಅಲ್ಲಿಲ್ಲ. ಪ್ರೈವೇಟ್ ಆಗಿದ್ದರೆ ಶಿಲ್ಕಿಗೆ ಕೈ ಹಾಕಬಲ್ಲ ಸಾಲುಗಳು ಒಂದೇ ಫೈಲಿನಲ್ಲಿರುತ್ತಿದ್ದವು. ಈಗ ಅವು ಸಂತತಿ ಹರಡಿದಲ್ಲೆಲ್ಲ ಹರಡಿವೆ. ಗ್ಲೋಬಲ್ ವೇರಿಯಬಲ್ ಎಂದರೆ ಮೂಗು ಮುರಿಯುವವರು ಇದನ್ನು ಒಳ್ಳೆಯ ವಿನ್ಯಾಸ ಎನ್ನುತ್ತಾರೆ.

ಜಾವಾದ ಸ್ವಂತ ಲೈಬ್ರರಿಯೇ ಈ ಪಾಪದ ಮ್ಯೂಸಿಯಂ. ಮೊದಲ ಆವೃತ್ತಿಯಿಂದಲೂ ಇರುವ ವೆಕ್ಟರ್ ಕ್ಲಾಸಿನಲ್ಲಿ ಅಂಶಗಳನ್ನು ಇಟ್ಟುಕೊಳ್ಳುವ ಅರೇ, ಅವುಗಳ ಎಣಿಕೆ, ಎಷ್ಟರಮಟ್ಟಿಗೆ ಹಿಗ್ಗಬೇಕೆಂಬ ಸಂಖ್ಯೆ, ಮೂರೂ ಪ್ರೊಟೆಕ್ಟೆಡ್ ಫೀಲ್ಡ್‌ಗಳು. ಇಂದಿಗೂ ಹಾಗೇ ಇವೆ, ತೆಗೆಯುವ ಧೈರ್ಯ ಯಾರಿಗೂ ಇಲ್ಲ. ತೆಗೆದರೆ ಯಾವ ಸಬ್‌ಕ್ಲಾಸ್ ಮುರಿಯುತ್ತದೋ ಗೊತ್ತಿಲ್ಲ. 1998ರಲ್ಲಿ ಅದೇ ಕೆಲಸಕ್ಕೆ ಅರೇಲಿಸ್ಟ್ ಬಂದಾಗ ಒಳಗಿನ ಅರೇಯನ್ನು ಪ್ರೊಟೆಕ್ಟೆಡ್ ಮಾಡಲಿಲ್ಲ. ಪೆಟ್ಟು ತಿಂದವರು ಪಾಠ ಕಲಿತಿದ್ದರು.

ಬಫರ್ಡ್‌ಇನ್‌ಪುಟ್‌ಸ್ಟ್ರೀಮ್‌ನ ಕಥೆ ಇನ್ನೂ ಮಾರ್ಮಿಕ. ಫೈಲ್ ಓದುವಾಗ ಬೈಟ್‌ಗಳನ್ನು ತಾತ್ಕಾಲಿಕವಾಗಿ ಕೂಡಿಡುವ ಅದರ ಬಫರ್ ಕೂಡ ಹುಟ್ಟಿನಿಂದಲೇ ಪ್ರೊಟೆಕ್ಟೆಡ್. 2023ರ ಜಾವಾ 21ರಲ್ಲಿ ವರ್ಚುವಲ್ ಥ್ರೆಡ್‌ಗಳು ಅಧಿಕೃತವಾಗಿ ನೆಲೆಗೊಳ್ಳುವ ಹೊತ್ತಿಗೆ ಈ ಕ್ಲಾಸಿನ ಲಾಕ್ ವ್ಯವಸ್ಥೆಯನ್ನು ಬದಲಿಸುವ, ಬಫರನ್ನು ಬೇಕಾದಾಗ ಮಾತ್ರ ಹುಟ್ಟಿಸುವ ಸುಧಾರಣೆ ಬೇಕಾಯಿತು. ಎಲ್ಲರಿಗೂ ಅದನ್ನು ಕೊಡಲಾಗಲಿಲ್ಲ. ಆ ಆವೃತ್ತಿಯಲ್ಲಿ ಆಬ್ಜೆಕ್ಟ್ ತಯಾರಾಗುವಾಗಲೇ ಕ್ಲಾಸ್ ತನ್ನನ್ನು ಕೇಳಿಕೊಳ್ಳುತ್ತಿತ್ತು: ಇದು ನಾನೇನಾ, ಅಥವಾ ನನ್ನ ಸಬ್‌ಕ್ಲಾಸಾ? ತಾನೇ ಆಗಿದ್ದರೆ ಹೊಸ ಲಾಕ್, ಹೊಸ ಕ್ರಮ. ಸಬ್‌ಕ್ಲಾಸ್ ಆಗಿದ್ದರೆ ಹಳೆಯ ಲಾಕ್, ಮೊದಲೇ ಹುಟ್ಟಿಸಿದ ಬಫರ್. 1996ರಲ್ಲಿ ನಾಳೆ ಬೇಕಾದೀತು ಎಂದು ಬರೆದ ಒಂದು ಪದ 27 ವರ್ಷಗಳ ನಂತರ ಒಂದು ಕ್ಲಾಸನ್ನು ಎರಡಾಗಿ ಸೀಳಿತು. ನಾಳೆಯ ಬಗ್ಗೆ ಇಷ್ಟು ಕಾಳಜಿ ವಹಿಸುವವರಿಗೆ ಈ ನಾಳೆ ಮಾತ್ರ ಏಕೆ ಕಾಣಲಿಲ್ಲ?

ಡೇಟಾ ಬಿಟ್ಟು ಮೆಥಡ್‌ಗಳನ್ನಷ್ಟೇ ಪ್ರೊಟೆಕ್ಟೆಡ್ ಮಾಡಿದರೆ ಸಾಕಲ್ಲವೇ ಎಂಬುದು ಸೋತವರ ಎರಡನೆಯ ಕೋಟೆ. ಅದೂ ನಿಲ್ಲುವುದಿಲ್ಲ. ಮೆಥಡನ್ನು ಓವರ್‌ರೈಡ್ ಮಾಡುವವನಿಗೆ ಅದರ ಹೆಸರು ತಿಳಿದರೆ ಸಾಲದು. ಬೇಸ್ ಕ್ಲಾಸ್ ಅದನ್ನು ಯಾವಾಗ, ಯಾವ ಕ್ರಮದಲ್ಲಿ, ಎಷ್ಟು ಸಲ ಕರೆಯುತ್ತದೆ ಎಂಬುದೂ ತಿಳಿಯಬೇಕು. ಜಾವಾದ ಅಬ್‌ಸ್ಟ್ರಾಕ್ಟ್‌ಲಿಸ್ಟ್‌ನಲ್ಲಿ ರಿಮೂವ್‌ರೇಂಜ್ ಎಂಬ ಪ್ರೊಟೆಕ್ಟೆಡ್ ಮೆಥಡ್ ಇದೆ. ಲಿಸ್ಟ್ ಮತ್ತು ಸಬ್‌ಲಿಸ್ಟ್‌ಗಳ ಕ್ಲಿಯರ್ ಕೆಲಸ ಅದನ್ನು ಕರೆಯುತ್ತದೆ ಎಂದು ಅದರ ದಾಖಲೆಯಲ್ಲೇ ಬರೆಯಬೇಕಾಯಿತು. ಬರೆದ ಮೇಲೆ ಅದು ವಚನ. ಕ್ಲಿಯರ್ ಒಳಗೆ ಹೇಗೆ ನಡೆಯುತ್ತದೆ ಎಂಬ ಖಾಸಗಿ ವಿಚಾರ ಲೋಕಕ್ಕೆಲ್ಲ ಕೊಟ್ಟ ಭಾಷೆಯಾಯಿತು. ಬರೆಯದಿದ್ದರೆ ಏನಾಗುತ್ತದೆ ಎಂಬುದನ್ನು ಜೋಶುವಾ ಬ್ಲಾಕ್ 2001ರ ಎಫೆಕ್ಟಿವ್ ಜಾವಾ ಪುಸ್ತಕದಲ್ಲಿ ತೋರಿಸಿದ್ದಾರೆ. ಹ್ಯಾಶ್‌ಸೆಟ್‌ಗೆ ಸೇರಿದ ಅಂಶಗಳನ್ನು ಎಣಿಸಲು ಆಡ್ ಮತ್ತು ಆಡ್‌ಆಲ್ ಎರಡನ್ನೂ ಓವರ್‌ರೈಡ್ ಮಾಡಿದ ಸಬ್‌ಕ್ಲಾಸಿಗೆ ಒಮ್ಮೆಲೇ 3 ಅಂಶ ಸೇರಿಸಿದರೆ ಎಣಿಕೆ 6 ಆಗುತ್ತದೆ, ಆಡ್‌ಆಲ್ ಒಳಗಿನಿಂದ ಆಡ್ ಅನ್ನೇ ಕರೆಯುವುದರಿಂದ. ಅಲ್ಲಿನ ಮೆಥಡ್‌ಗಳು ಪಬ್ಲಿಕ್. ಆದರೆ ರೋಗ ಇನ್‌ಹೆರಿಟೆನ್ಸ್‌ನದು, ಮತ್ತು ಪ್ರೊಟೆಕ್ಟೆಡ್ ಎಂಬುದು ಆ ರೋಗಕ್ಕೆಂದೇ ತೆರೆದಿಟ್ಟ ಗಾಯ.

ಆಂಡ್ರಾಯ್ಡ್ ಈ ರೋಗವನ್ನು ಕೋಟ್ಯಂತರ ಫೋನ್‌ಗಳಿಗೆ ಹಂಚಿತು. ಅದರ ಆ್ಯಕ್ಟಿವಿಟಿ ಕ್ಲಾಸಿನಲ್ಲಿ ಆನ್‌ಕ್ರಿಯೇಟ್, ಆನ್‌ರೆಸ್ಯೂಮ್ ಮುಂತಾದವು ಪ್ರೊಟೆಕ್ಟೆಡ್ ಮೆಥಡ್‌ಗಳು. ಆ್ಯಪ್ ಬರೆಯುವವರು ಓವರ್‌ರೈಡ್ ಮಾಡಬೇಕು, ಮಾಡುವಾಗ ಸೂಪರ್‌ನ ಮೆಥಡನ್ನು ತಪ್ಪದೆ ಕರೆಯಬೇಕು. ಕರೆಯದಿದ್ದರೆ? ಕಂಪೈಲರ್ ಒಪ್ಪಿಕೊಳ್ಳುತ್ತದೆ. ಆ್ಯಪ್ ಓಡುವಾಗ ಸೂಪರ್‌ನಾಟ್‌ಕಾಲ್ಡ್‌ಎಕ್ಸೆಪ್ಶನ್ ಬಂದು ಬಡಿಯುತ್ತದೆ. ಬೇಸ್ ಕ್ಲಾಸಿನ ಒಂದು ಅತ್ಯಗತ್ಯ ನಿಯಮವನ್ನು ಹೇಳಲು ಪ್ರವೇಶದ ಪದಕ್ಕೆ ಶಕ್ತಿಯಿಲ್ಲದೆ, ಆ ನಿಯಮಕ್ಕೆಂದೇ ಬೇರೊಂದು ಎಕ್ಸೆಪ್ಶನ್ ಹುಟ್ಟಿಸಬೇಕಾಯಿತು. ನಿಯಮ ಬೇಸ್ ಕ್ಲಾಸಿನದೇ ಆದರೆ ಅದನ್ನು ಬೇಸ್ ಕ್ಲಾಸೇ ಪಾಲಿಸಬಾರದೇ? ತನ್ನ ಕೆಲಸವನ್ನು ತಾನೇ ಮುಗಿಸಿ, ಕೊನೆಗೆ ಖಾಲಿ ಹುಕ್ ಒಂದನ್ನು ಕರೆದಿದ್ದರೆ ಮರೆಯಲು ಯಾರಿಗೂ ಏನೂ ಉಳಿಯುತ್ತಿರಲಿಲ್ಲ.

ಉಳಿದದ್ದು ಕುಂಟುನೆಪಗಳು. ಟೆಸ್ಟ್ ಬರೆಯಲು ಅನುಕೂಲ ಎಂದು ಪ್ರೈವೇಟ್ ಮೆಥಡನ್ನು ಪ್ರೊಟೆಕ್ಟೆಡ್ ಮಾಡುವುದು ಒಂದು. ಟೆಸ್ಟ್ ತಾತ್ಕಾಲಿಕ ಸಾಕ್ಷಿ, ಪ್ರೊಟೆಕ್ಟೆಡ್ ಶಾಶ್ವತ ಪರವಾನಗಿ. ಒಂದು ಸಾಕ್ಷಿಗಾಗಿ ಊರಿಗೆಲ್ಲ ಪರವಾನಗಿ ಕೊಡುವುದು ಯಾವ ಲೆಕ್ಕ? ಒಳಗಿನ ಮೆಥಡ್ ಅಷ್ಟು ಸಂಕೀರ್ಣವಾಗಿದ್ದರೆ ಅದನ್ನು ಬೇರೆ ಕ್ಲಾಸ್ ಮಾಡಿ ಅದರ ಪಬ್ಲಿಕ್ ಮುಖದ ಮೇಲೆ ಟೆಸ್ಟ್ ಬರೆಯಬಹುದು. ಫ್ರೇಮ್‌ವರ್ಕ್‌ಗಳಿಗೆ ವಿಸ್ತರಣೆಯ ಜಾಗ ಬೇಕು ಎಂಬುದು ಇನ್ನೊಂದು ನೆಪ. ಜಾಗ ಬೇಕು, ನಿಜ. ಆ ಜಾಗಕ್ಕೆ ಇಂಟರ್‌ಫೇಸ್ ಎಂಬ ಹೆಸರಿದೆ, ಕನ್‌ಸ್ಟ್ರಕ್ಟರ್‌ಗೆ ಕೊಡುವ ಫಂಕ್ಷನ್ ಎಂಬ ಹೆಸರಿದೆ. ಅಲ್ಲಿ ಎರಡು ಕಡೆಯ ಒಪ್ಪಂದ ಕಣ್ಣಿಗೆ ಕಾಣುತ್ತದೆ. ಒಬ್ಬರ ಹೊಟ್ಟೆಯೊಳಗೆ ಇನ್ನೊಬ್ಬರು ಕೈ ಹಾಕುವ ಪ್ರಮೇಯವಿಲ್ಲ.

ಪ್ರೊಟೆಕ್ಟೆಡ್ ಇಲ್ಲದೆ ಸಂಸಾರ ನಡೆಯದು ಎನ್ನುವವರಿಗೆ ಹೊಸ ಭಾಷೆಗಳೇ ಉತ್ತರ ಕೊಟ್ಟಿವೆ. 2009ರಲ್ಲಿ ಹೊರಬಂದ ಗೋ ಭಾಷೆಯಲ್ಲಿ ಕ್ಲಾಸ್ ಇನ್‌ಹೆರಿಟೆನ್ಸೇ ಇಲ್ಲ. ಹೆಸರಿನ ಮೊದಲಕ್ಷರ ದೊಡ್ಡದಾದರೆ ಪ್ಯಾಕೇಜಿನ ಹೊರಗೆ ಕಾಣುತ್ತದೆ, ಚಿಕ್ಕದಾದರೆ ಇಲ್ಲ. 2015ರಲ್ಲಿ 1.0 ಮುಟ್ಟಿದ ರಸ್ಟ್‌ನದೂ ಅದೇ ದಾರಿ, ಗಡಿ ಮಾಡ್ಯೂಲ್‌ನದು. 2014ರಲ್ಲಿ ಆಪಲ್ ತಂದ ಸ್ವಿಫ್ಟ್‌ನಲ್ಲಿ ಕ್ಲಾಸೂ ಇದೆ, ಇನ್‌ಹೆರಿಟೆನ್ಸೂ ಇದೆ, ಪ್ರೊಟೆಕ್ಟೆಡ್ ಇಲ್ಲ. ಸಬ್‌ಕ್ಲಾಸ್ ಪ್ರೊಟೆಕ್ಟೆಡ್ ಸದಸ್ಯವನ್ನು ಯಾವಾಗ ಬೇಕಾದರೂ ಹೊರಗಿನವರಿಗೆ ತೆರೆದಿಡಬಹುದಾದ್ದರಿಂದ ಆ ರಕ್ಷಣೆ ನಿಜವಾದ ರಕ್ಷಣೆಯಲ್ಲ ಎಂಬ ಕಾರಣವನ್ನು ಅದರ ತಂಡ ಆಗಲೇ ಕೊಟ್ಟಿತು. 2016ರ ಸ್ವಿಫ್ಟ್ 3 ಇನ್ನೂ ಮುಂದೆ ಹೋಗಿ, ಬಳಸುವ ಹಕ್ಕು ಬೇರೆ, ಇನ್‌ಹೆರಿಟ್ ಮಾಡುವ ಹಕ್ಕು ಬೇರೆ ಎಂದು ಪಬ್ಲಿಕ್ ಮತ್ತು ಓಪನ್ ಪದಗಳನ್ನು ಬೇರ್ಪಡಿಸಿತು. ಕಾಟ್ಲಿನ್‌ನಲ್ಲಿ ಪ್ರೊಟೆಕ್ಟೆಡ್ ಉಳಿದಿದೆ, ಆದರೆ ಓಪನ್ ಎಂದು ಬರೆಯದ ಸಾಮಾನ್ಯ ಕ್ಲಾಸನ್ನು ಯಾರೂ ಇನ್‌ಹೆರಿಟ್ ಮಾಡುವಂತಿಲ್ಲ. ಜಾವಾ ಕೂಡ 2021ರ 17ನೇ ಆವೃತ್ತಿಯಲ್ಲಿ ಸೀಲ್ಡ್ ಕ್ಲಾಸ್‌ಗಳನ್ನು ತಂದು, ಸಬ್‌ಕ್ಲಾಸ್ ಆಗಬಲ್ಲವರ ಹೆಸರನ್ನು ಪಟ್ಟಿ ಮಾಡುವ ಅವಕಾಶ ಕೊಟ್ಟಿತು. ಭಾಷೆ ಕಟ್ಟುವವರು ಒಬ್ಬೊಬ್ಬರಾಗಿ ಒಪ್ಪಿಕೊಂಡ ತಪ್ಪನ್ನು ಭಾಷೆ ಕಲಿಸುವವರು ಇನ್ನೆಷ್ಟು ಕಾಲ ಸಮರ್ಥಿಸಬೇಕು?

ಆಗಬೇಕಾದ ಬದಲಾವಣೆಗಳು ಸ್ಪಷ್ಟ. ಮೊದಲನೆಯದು, ಪ್ರತಿಯೊಂದು ಫೀಲ್ಡೂ ಪ್ರೈವೇಟ್, ವಿನಾಯಿತಿಯಿಲ್ಲದೆ. ಪ್ರತಿಯೊಂದು ಮೆಥಡೂ ಪ್ರೈವೇಟ್ ಆಗಿಯೇ ಹುಟ್ಟಬೇಕು. ಬಿಗಿಯನ್ನು ಸಡಿಲಿಸಲು ಒಂದು ನಿಮಿಷ ಸಾಕು, ಸಡಿಲವನ್ನು ಬಿಗಿ ಮಾಡಲು 27 ವರ್ಷವೂ ಸಾಲಲಿಲ್ಲ ಎಂಬುದನ್ನು ಬಫರ್ಡ್‌ಇನ್‌ಪುಟ್‌ಸ್ಟ್ರೀಮ್ ಕಲಿಸಿದೆ. ಎರಡನೆಯದು, ಇನ್‌ಹೆರಿಟೆನ್ಸ್‌ಗೆಂದೇ ರೂಪಿಸದ ಕ್ಲಾಸ್ ಫೈನಲ್ ಆಗಿರಬೇಕು. ಮೂರನೆಯದು, ಜತೆಗೆ ದುಡಿಯುವ ಕ್ಲಾಸ್‌ಗಳಿಗೆ ಪ್ರವೇಶ ಬೇಕಾದಾಗ ವಂಶದ ನೆಪ ಹೂಡದೆ ಹೆಸರು ಹೇಳಿ ಕೊಡಬೇಕು. ಸಿ ಪ್ಲಸ್ ಪ್ಲಸ್‌ನ ಫ್ರೆಂಡ್ ಹೆಸರು ಕೇಳುತ್ತದೆ. ಜಾವಾದ ಪ್ಯಾಕೇಜ್ ಪ್ರವೇಶ, ನೆಸ್ಟೆಡ್ ಕ್ಲಾಸ್ ಮತ್ತು ಮಾಡ್ಯೂಲ್‌ಗಳು ಗಡಿ ಎಳೆಯುತ್ತವೆ. ಬರ್ಟ್ರಾಂಡ್ ಮೇಯರ್ ಅವರ ಐಫೆಲ್ ಸಬ್‌ಕ್ಲಾಸ್‌ಗಳ ವಿಷಯದಲ್ಲಿ ಕೈ ಬಿಚ್ಚಿದ ಭಾಷೆ. ಅದು ಕೂಡ ಉಳಿದ ಕ್ಲಾಸ್‌ಗಳ ಮಟ್ಟಿಗೆ, ಯಾವ ಸೌಲಭ್ಯ ಯಾವ ಕ್ಲಾಸಿಗೆ ಎಂದು ಪಟ್ಟಿ ಬರೆಯುವ ಕ್ರಮವನ್ನು 1980ರ ದಶಕದಲ್ಲೇ ತಂದಿತ್ತು.

ನಾಲ್ಕನೆಯದು, ನಡವಳಿಕೆಯನ್ನು ಬದಲಿಸಲು ಜಾಗ ಬಿಡಬೇಕಾದಲ್ಲಿ ಇಂಟರ್‌ಫೇಸ್ ಅಥವಾ ಫಂಕ್ಷನ್ ತೆಗೆದುಕೊಳ್ಳಬೇಕು. ಇನ್‌ಹೆರಿಟೆನ್ಸ್ ಬೇಕೇ ಬೇಕಾದ ಅಪರೂಪದ ಸಂದರ್ಭದಲ್ಲಿ ಸಿ ಪ್ಲಸ್ ಪ್ಲಸ್‌ನವರು ಪಬ್ಲಿಕ್ ಮೆಥಡನ್ನು ವರ್ಚುವಲ್ ಮಾಡದೆ, ವರ್ಚುವಲ್ ಮೆಥಡನ್ನು ಪ್ರೈವೇಟ್ ಆಗಿಟ್ಟರೆ ಸಾಕು. ಆ ಭಾಷೆಯಲ್ಲಿ ಸಬ್‌ಕ್ಲಾಸ್ ಅದನ್ನು ಓವರ್‌ರೈಡ್ ಮಾಡಬಲ್ಲುದು, ಬೇಸ್ ಕ್ಲಾಸಿನ ಪ್ರತಿಯನ್ನು ಕರೆಯಲಾರದು. ಜಾವಾದಲ್ಲಿ ಕ್ಲಾಸನ್ನು ಸೀಲ್ ಮಾಡಬೇಕು. ಹಾಗೂ ಉಳಿಯುವ ಒಂದೆರಡು ಪ್ರೊಟೆಕ್ಟೆಡ್ ಮೆಥಡ್‌ಗಳಿಗೆ ಪಬ್ಲಿಕ್ ಮೆಥಡಿಗಿರುವಷ್ಟೇ ದಾಖಲೆ, ಅಷ್ಟೇ ಟೆಸ್ಟ್, ಅಷ್ಟೇ ಭಯ ಇರಬೇಕು, ಏಕೆಂದರೆ ಅವು ಪಬ್ಲಿಕ್ಕೇ.

ಐದನೆಯದು ತರಗತಿಯ ಕೆಲಸ. ಆ ಕೋಷ್ಟಕವನ್ನು ಪ್ರಶ್ನೆಪತ್ರಿಕೆಯಿಂದ ತೆಗೆಯಬೇಕು. ಅದರ ಜಾಗದಲ್ಲಿ ವೆಕ್ಟರ್ ಮತ್ತು ಅರೇಲಿಸ್ಟ್ ಎರಡರ ಮೂಲ ಕೋಡ್ ಪಕ್ಕಪಕ್ಕ ಇಟ್ಟು, ಒಂದರ ಒಳಗನ್ನು ಏಕೆ ಬದಲಿಸಬಹುದು, ಇನ್ನೊಂದರದ್ದನ್ನು ಏಕೆ ಬದಲಿಸಲಾಗದು ಎಂದು ಕೇಳಬೇಕು. ಕೋಷ್ಟಕ ಬಾಯಿಪಾಠ ಮಾಡಿದವನಿಗೆ ಅದು ಕಷ್ಟವಾದೀತು, ಕಷ್ಟವಾಗಬೇಕಾದದ್ದೇ.

ಆರನೆಯದು ಕೋಡ್ ರಿವ್ಯೂ ಮಾಡುವವರದು, ಅದಕ್ಕೆ ಯಾವ ಹೊಸ ಉಪಕರಣವೂ ಬೇಡ. ಹೊಸ ಕೋಡ್‌ನಲ್ಲಿ ಪ್ರೊಟೆಕ್ಟೆಡ್ ಎಂಬ ಪದ ಕಂಡಲ್ಲೆಲ್ಲ ಕೇಳಬೇಕಾದದ್ದು ಒಂದೇ: ಇದನ್ನು ಬಳಸುವ ಸಬ್‌ಕ್ಲಾಸಿನ ಹೆಸರೇನು? ಹೆಸರು ಇದ್ದರೆ ಆ ಹೆಸರಿಗೆ ಮಾತ್ರ ದಾರಿ ಮಾಡಿಕೊಡುವ ವಿಧಾನ ಹುಡುಕಬೇಕು. ಮುಂದೆ ಯಾರಿಗಾದರೂ ಬೇಕಾದೀತು ಎಂಬ ಉತ್ತರ ಬಂದರೆ ಆ ಪದವನ್ನು ಹೊಡೆದುಹಾಕಿ ಪ್ರೈವೇಟ್ ಎಂದು ಬರೆಯಬೇಕು.